ಹಿಟ್ಟಿಗೆ ಹೊಚ್ಚೋ ಕೌದಿ

ಮಾನ್ವಿ ಬಸ್ ಸ್ಟ್ಯಾಂಡ್ ಇನ್ನೂ ಎದ್ದಿಲ್ಲ, ಮೂಕಪ್ಪ ಎದ್ದಾನ. ಮನಿ ಮೂಲ್ಯಾಗ ಕುಂತು ಮೆಲ್ಲಕ ಕೌದಿ ಸರಸಾಕತ್ತಾನ. ಒಳಗ ಕೂಸು ಮಲಗ್ಯಾದ ಅನ್ಕೊಂಡ್ರಾ? ಅಲ್ರೀ, ಇಡ್ಲಿ ಹಿಟ್ಟಿನ ಬೋಗಾಣಿ! ಮುಚ್ಚಳ ತಗದು ಇಣುಕಿ, "ಉಬ್ಬ್ಯಾದ!" ಅಂತ ಬಾಜೂ ಮನಿಯಿಂದ ಬಂದ ನನ್ನ ನೋಡಿ ಹಲ್ಲು ಕಿಸೀತಾನ.

ಮಗ್ಗಲದಾಗ ಹೆಂಡ್ತಿ ಗದ್ದೆಮ್ಮ ಸೆರಗು ಹೊತ್ಕೊಂಡು ಮುದುಡಿ ಮಲಗ್ಯಾಳ. ಮನ್ಯಾಗ ಇರೋದು ಒಂದೇ ಕೌದಿ. "ಲಗ್ನದಾಗ ನಮ್ಮವ್ವ ನನಗ ಕೊಟ್ಟದ್ದು. ಚಳಿ ಬಂತಂದ್ರ ಹಿಟ್ಟಿನ ಪಾಲು" ಅಂತ ಕಣ್ಣು ತಗೀದೇನೇ ಬೈತಾಳ.

ಎಪ್ಪತ್ತನೇ ಇಸವ್ಯಾಗ ಯಂಕಣ್ಣ ಬಸ್ ಸ್ಟ್ಯಾಂಡ್ ಎದುರಿಗೆ ಹೋಟೆಲ್ ಹಾಕಿದ. ಅವತ್ತಿಂದ ಹದಿನೈದು ವರ್ಷ ಅಲ್ಲಿ ಹಿಟ್ಟು ರುಬ್ಬಾಂವ ಇವನೇ. ಹೆಸರು ಮೂಕಪ್ಪ, ಬಾಯಿ ಮಾತ್ರ ರೇಡಿಯೊ. "ಬ್ಯಾಸಿಗ್ಯಾಗ ಈ ಹಿಟ್ಟಿಗೆ ಭಾಳ ಸೊಕ್ಕವ್ವಾ. ಒಮ್ಮಿ ಮುಚ್ಚಳ ಕೆಡವಿ ಹೊಸ್ತಿಲ ದಾಟಿತ್ತು. ಓಣ್ಯಾಗಿನ ಹೀರಾಬಿ ಆಡು ನೆಕ್ಕೋತ ನಿಂತಿತ್ತು! ಚಳ್ಯಾಗ ಕೈಮುಗದ್ರೂ ಏಳಂಗಿಲ್ಲ." ಹೋಟೆಲ್ ತಗಡಿಂದು, ರಾತ್ರಿ ಐಸ್ ಆಗ್ತದ. ಅದಕ್ಕ ಬೋಗಾಣಿ ಮನಿಗೆ ಹೊತ್ಕೊಂಡು ಬರ್ತಾನ.

ಹೋದ ವಾರ ಕೌದಿ ಜಾರಿತ್ತು, ಇಡ್ಲಿ ಕಲ್ಲಾದ್ವು. ರಾಯಚೂರು ಬಸ್ಸಿನ ಕಂಡಕ್ಟರ್ ಒಂದನ್ನ ಟೇಬಲ್ ಮ್ಯಾಲ ಕುಟ್ಟಿ ನೋಡಿ, "ಯಂಕಣ್ಣ, ನಾಕು ಕಟ್ಟಪಾ, ಗಾಲಿ ಹಿಂದ ಇಡಾಕ ಬೇಕು" ಅಂದ. ಹೋಟೆಲ್ ತುಂಬ ನಗು. ಯಂಕಣ್ಣ ಮಾತ್ರ ನಗಲಿಲ್ಲ. "ಇನ್ನೊಮ್ಮಿ ಹಿಂಗಾತಂದ್ರ ದೇವದುರ್ಗದಿಂದ ಬ್ಯಾರೆ ಆಳು ತರಸ್ತೀನಿ ನೋಡಲೇ."

ನಾಳಿ ಸಂತಿ. ಎಲ್ಲಾ ಊರಿನ ಮಂದಿ ಬರ್ತಾರ. ಇಂಥಾ ಹೊತ್ತಿನ್ಯಾಗ ಮೂಕಪ್ಪ, "ಹಿಟ್ಟು ಯಾಕ ಉಬ್ಬತದವ್ವಾ? ನೀ ಕಾಲೇಜಿನಾಕಿ, ಹೇಳು" ಅಂತಾನ. ಹೇಳ್ತೀನಿ: ಬ್ಯಾಳ್ಯಾಗ, ಅಕ್ಕ್ಯಾಗ ಬ್ಯಾಕ್ಟೀರಿಯಾ ಇರ್ತಾವ. ತಿನ್ನಾಕ ಹಿಟ್ಟು, ಕುಡ್ಯಾಕ ನೀರು, ಮ್ಯಾಲ ಒಂದಿಷ್ಟು ಬೆಚ್ಚಗ ಸಿಕ್ರ ಸಾಕು, ಒಂದು ಎರಡಾಗಿ, ಎರಡು ನಾಕಾಗಿ ಲಕ್ಷಗಟ್ಲೆ ಬೆಳೀತಾವ. ಅವು ಬಿಡೋ ಗಾಳಿಗೇ ಹಿಟ್ಟು ಉಬ್ಬತದ.

ಗದ್ದೆಮ್ಮ ಎದ್ದು ನಿಲ್ತಾಳ. "ಏನಂದಿ ತಂಗಿ? ಲಕ್ಷ ಹುಳಾ? ನನ್ನ ಕೌದ್ಯಾಗ?"

"ಹುಳ ಅಲ್ಲಬೇ, ಕಣ್ಣಿಗೆ ಕಾಣಂಗಿಲ್ಲ ಅವು."

"ಕಾಣಲಾರದ್ದು ಇನ್ನೂ ಕೆಟ್ಟದ್ದು!"

"ನಮ್ಮ ಕೈಮ್ಯಾಲ, ಬಾಯಾಗೂ ಇರ್ತಾವ."

"ನಿನ್ನ ಬಾಯಾಗ ಇದ್ದಾವು!"

ಕೌದಿ ಹೋಗಿ ನೀರಿನ ಬಾನ್ಯಾಗ ಬಿತ್ತು. ಮೂಕಪ್ಪ ತಲಿ ಮ್ಯಾಲ ಕೈಹೊತ್ತು ಕುಂತ. "ಮುಗೀತು. ನಾಳಿ ಇಡ್ಲಿ ಅಲ್ಲ, ಗಾಲಿಗೆ ಕಲ್ಲ."

ಸಂಜಿಗೆ ಕೌದಿ ಅರ್ಧ ಒಣಗ್ಯಾದ. ನಾಳಿನ ಹಿಟ್ಟಿನ ಬೋಗಾಣಿ ಮೂಲ್ಯಾಗ ಬೆತ್ತಲೆ ಕುಂತದ. ಗದ್ದೆಮ್ಮ ಅದನ್ನ ನೋಡ್ತಾಳ, ನನ್ನ ನೋಡ್ತಾಳ.

"ಚಳಿಗೆ ಸಾಯ್ತಾವೇನ್ ತಂಗಿ ಅವು?"

"ಸಾಯಂಗಿಲ್ಲಬೇ. ಮುದುಡಿ ಸುಮ್ನ ಮಲಗ್ತಾವ."

"ನನ್ನಂಗ," ಅಂದು ಎದ್ದು ಹೋಗಿ, ಕೌದಿ ಒಲಿ ಮುಂದ ಹಿಡದು ನಿಲ್ತಾಳ.

ಮರದಿನ ನಸುಕಿಗೆ ಹೋದ್ರ ಮೂಕಪ್ಪ ಬಾಗಿಲದಾಗ ನಿಂತು ಗಡಗಡ ನಡಗಾಕತ್ತಾನ. ಒಳಗ ಒಲಿ ಮಗ್ಗಲ ಗದ್ದೆಮ್ಮ ಬೋಗಾಣಿಗೆ ಬೆನ್ನು ಹಚ್ಚಿ ಗೊರಕಿ ಹೊಡ್ಯಾಕತ್ತಾಳ. ಎರಡಕ್ಕೂ ಕೂಡಿ ಒಂದೇ ಕೌದಿ. ಹಿಟ್ಟು ಮುಚ್ಚಳ ಎತ್ತಿ ಆಕಿ ಹೆಗಲ ಮ್ಯಾಲ ಇಟ್ಟದ!

"ಪಾಪ, ಅವೂ ಜೀವ ಅಲ್ಲೇನು?" ಅಂತಾಳ ಗದ್ದೆಮ್ಮ, ಎದ್ದು ಹೆಗಲ ಒರಸ್ಕೋತ.

ಹೊತ್ತೇರೋದ್ರಾಗ ಇಡ್ಲಿ ಖಾಲಿ. ಕಂಡಕ್ಟರ್ ಮತ್ತ ನಾಕು ಕಟ್ಟಿಸ್ಕೊಂಡ, ಈ ಸಲ ತಿನ್ನಾಕ. ಯಂಕಣ್ಣ ದೇವದುರ್ಗದ ಸುದ್ದೀನೇ ಎತ್ತಲಿಲ್ಲ.

"ಮುಂದೇನು ಆಸಿ ಕಾಕಾ?" ಅಂತ ಕೇಳ್ತೀನಿ.

ಮೂಕಪ್ಪ ನೆಗಡಿ ಮೂಗು ಏರಸ್ತಾನ. "ಇನ್ನೊಂದು ಕೌದಿ ಹೊಲಸಬೇಕವ್ವಾ."

"ಹಿಟ್ಟಿಗೇನು?"

"ಅಲ್ಲ, ನನಗ. ಅವರು ಈಗ ಒಂದಾಗಿಬಿಟ್ಟಾರ."