ಎಕ್ಸರೇ ಗಾಡಿಯ ಗಂಗೂಬಾಯಿ

ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಗಂಗೂಬಾಯಿಯ ಬಾಯಿಗೆ ಹೆದರದವರೇ ಇರಲಿಲ್ಲ. ತವರು ಗದಗ. ಮದುವೆಯಾಗಿ ನಾಗಪುರಕ್ಕೆ ಬಂದವಳು, ನಲ್ಲಿಯ ಹತ್ತಿರ ಜಗಳವಾಡುತ್ತಲೇ ಮರಾಠಿ ಕಲಿತಳು. ಗಂಡ ಗುರುಸಿದ್ದಪ್ಪ ಇಂಜಿನ್ ಶೆಡ್ಡಿನಲ್ಲಿ ಖಲಾಸಿಯಾಗಿದ್ದ. ಅವನು ಕ್ಷಯದಿಂದ ತೀರಿಕೊಂಡ ಮೇಲೆ ಆಕೆ ಒಂದು ದವಾಖಾನೆಯಲ್ಲಿ ಆಯಾ ಆದಳು. ಎದೆಯ ಫೋಟೋ ತೆಗೆಯುವ ಎಕ್ಸರೇ ಗಾಡಿ ಓಣಿ ಓಣಿಗೆ ಹೊರಟಾಗ, ಜನರನ್ನು ಮನೆಯಿಂದ ಎಬ್ಬಿಸಿ ತರಲು ಒಂದು ಗಟ್ಟಿ ಬಾಯಿ ಬೇಕಾಗಿತ್ತು. ಅದಕ್ಕೆ ಇನ್ನಾರನ್ನು ಹುಡುಕುತ್ತಾರೆ? ಆಕೆಯನ್ನೇ ಹತ್ತಿಸಿದರು.

ಅದಕ್ಕೆ ಮೊದಲು ಎಕ್ಸರೇ ಅಂದರೆ ಸಿವಿಲ್ ಲೈನ್ಸಿನ ಸಾಹೇಬರ ಮಾತು. ಕೂಲಿಯವರು ಕೆಮ್ಮಿ ಕೆಮ್ಮಿ ರಕ್ತ ಕಂಡ ಮೇಲೆ, ಒಂದು ದಿನದ ಪಗಾರ ಬಿಟ್ಟು, ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಕೂರಬೇಕಿತ್ತು. ಈಗ ಮಿಷನ್ನೇ ನಲ್ಲಿಕಟ್ಟೆಯ ಪಕ್ಕ ಬಂದು ನಿಂತಿತ್ತು! ಕೆಮ್ಮು ಇರಲಿ, ಬಿಡಲಿ, ಎಲ್ಲರೂ ಬರಬೇಕು ಎಂಬುದೇ ಅದರ ಕಾನೂನು. "ಸಾಹೇಬರ ಎದಿಗೂ ಇದ ಮಿಷನ್, ನಿಮ್ಮ ಎದಿಗೂ ಇದ. ಬರ್ರಿ, ಜಲ್ದಿ ಬರ್ರಿ!" ಎಂದು ಗಂಗೂಬಾಯಿ ಬಾಗಿಲು ಬಡಿಯುತ್ತಿದ್ದಳು. ಫೋಟೋ ಎಂಬ ಮಾತು ಕೇಳಿ ಪೌಡರ್ ಬಳಿದುಕೊಂಡು, ಹೂ ಮುಡಿದು ಬಂದ ಹೆಂಗಸರೂ ಇದ್ದರು. "ಮಾರಿ ಅಲ್ಲವ್ವಾ, ಪುಪ್ಪುಸ! ಪುಪ್ಪುಸಕ್ಕ ಪೌಡರ್ ಹಚ್ಚೀಯೇನು?" ಎಂದು ನಕ್ಕು ಅವರನ್ನೂ ಒಳಗೆ ಕಳಿಸುತ್ತಿದ್ದಳು.

ಗಾಡಿ ಅಜನಿಯಲ್ಲಿ ನಿಂತ ಕೊನೆಯ ದಿನ. ಮರುದಿನ ಕಳಮೇಶ್ವರದ ಕಡೆ ಹೊರಡಬೇಕು. ಪಕ್ಕದ ಮನೆಯ ಶಂಕರಪ್ಪ ಮಾತ್ರ ಇನ್ನೂ ಬಂದಿರಲಿಲ್ಲ. ಆತ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಎರಡು ಕೂಸುಗಳ ತಂದೆ. ಮಳೆಗಾಲದಿಂದ ಕೆಮ್ಮುತ್ತಿದ್ದ. ಗೋಡೆಯಾಚೆಯ ಆ ಕೆಮ್ಮು ಕೇಳಿದರೆ ಗಂಗೂಬಾಯಿಗೆ ತುತ್ತು ಇಳಿಯುತ್ತಿರಲಿಲ್ಲ. ಅದೇ ಒಣ ಕೆಮ್ಮನ್ನು ತನ್ನ ಮನೆಯಲ್ಲೂ ಕೇಳಿದ್ದಳಲ್ಲ! ಸಂಜೆ ಹೋಗಿ ಆತನನ್ನು ಕೈಹಿಡಿದು ಎಳೆದು ತಂದಳು. ಹಿಂದೆಯೇ ತಾಯಿ ಚಂದ್ರಮ್ಮನೂ ಬಂದಳು.

ಶಂಕರಪ್ಪ ಅಂಗಿ ಬಿಚ್ಚಿದ. ಎಡ ಎದೆಯ ಮೇಲೆ, ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ಮಿಷನ್ ನೋಡಿಕೊಳ್ಳುವ ಬಿಂದುಮಾಧವರು ಅದನ್ನು ತೆಗೆದಿಡಲು ಹೇಳಿದರು.

"ತೆಗೀಬ್ಯಾಡೋ ತಮ್ಮಾ!" ಚಂದ್ರಮ್ಮ ಬಾಗಿಲಲ್ಲೇ ಕೂಗಿದಳು. "ದೀಕ್ಷಾ ಆದಾಗಿಂದ ಮೈ ಬಿಟ್ಟು ಹೋಗಿಲ್ಲ ಅದು. ಹಂಗ ಫೋಟೋ ತೆಗಿಯಂಗಿದ್ರ ತೆಗೀಲಿ, ಇಲ್ಲಾಂದ್ರ ಬ್ಯಾಡ."

ಶಂಕರಪ್ಪನೂ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ನಿಂತಾಂಗ ನಿಲ್ಲತೀನ್ರಿ. ಹಂಗ ತೆಗೀರಿ."

ಬಿಂದುಮಾಧವರಿಗೂ ಸಾಕಾಗಿತ್ತು. "ಬರೋಬರ್, ಹಾಗೇ ತೆಗೆಯೋಣ" ಎಂದು ಮರಾಠಿಯಲ್ಲಿ ಹೇಳಿ ಮಿಷನ್ನಿನ ಗುಂಡಿಗೆ ಕೈ ಹಾಕಿದರು.

"ತಡೀರಿ!" ಗಂಗೂಬಾಯಿ ಚೀರಿದ್ದಕ್ಕೆ ಗಾಡಿಯೇ ನಡುಗಿತು. ಹೀಗೆ ಕರಡಿಗೆ ಸಮೇತ ಫೋಟೋ ತೆಗೆದದ್ದೇ ಆಕೆಯ ಮನೆ ಹಾಳಾಗಲು ಕಾರಣ. ದೊಡ್ಡ ಆಸ್ಪತ್ರೆಯಲ್ಲಿ ಗುರುಸಿದ್ದಪ್ಪನೂ ಕರಡಿಗೆ ತೆಗೆಯದೆ ನಿಂತಿದ್ದ. ಫಿಲ್ಮಿನಲ್ಲಿ ಅದು ಹುಣ್ಣಿಮೆಯ ಚಂದ್ರನಂತೆ ಬೆಳ್ಳಗೆ ಬಿದ್ದು, ಹಿಂದಿದ್ದುದನ್ನೆಲ್ಲ ಮುಚ್ಚಿತ್ತು. ಏನೂ ಇಲ್ಲ ಎಂದು ಮನೆಗೆ ಕಳಿಸಿದ್ದರು. ಇದ್ದದ್ದು ಗೊತ್ತಾಗುವ ಹೊತ್ತಿಗೆ ಪುಪ್ಪುಸವೇ ಜರಡಿಯಾಗಿತ್ತು.

ಆಕೆ ಚಂದ್ರಮ್ಮನ ಮುಂದೆ ಬಂದು ನಿಂತಳು. ಈ ಸಲ ದನಿ ಏರಲಿಲ್ಲ.

"ಅಕ್ಕಾ, ಮುಂಜಾನೆ ಪೂಜಾ ಮಾಡುವಾಗ ಲಿಂಗ ಎಲ್ಲಿರತೈತಿ?"

"ಎಲ್ಲಿರತೈತಿ? ಅಂಗೈಯಾಗ."

"ಕೊರಳು ಬಿಟ್ಟು ಅಂಗೈಗೆ ಬಂದ್ರ ಮೈ ಬಿಟ್ಟಂಗೇನು? ಕೈ ಮೈ ಅಲ್ಲೇನು?"

ಗಂಗೂಬಾಯಿ ಸೆರಗಿನೊಳಗಿಂದ ತನ್ನ ಕರಡಿಗೆಯನ್ನು ಹೊರತೆಗೆದು ತೋರಿಸಿದಳು. "ನಾನೂ ಕಟ್ಟೀನಿ. ನನಗೇನ್ ಇದರ ಬೆಲಿ ಗೊತ್ತಿಲ್ಲ ಅಂದ್ಕೊಂಡಿಯೇನು?"

"ಆದ್ರ ಸ್ವಂಟಕ್ಕ ಕೈ ಇಡಸ್ತಾರಲ್ಲವಾ," ಎಂದಳು ಚಂದ್ರಮ್ಮ, ಒಳಗೆ ನಿಲ್ಲಿಸುವ ರೀತಿಯನ್ನು ನೋಡಿದ್ದವಳು. "ಲಿಂಗ ಸ್ವಂಟದ ಮಟಾ ಇಳೀಬಾರದು."

"ಇಳಸೂದು ಯಾಕ? ತಲಿ ಮ್ಯಾಲ ಹಿಡೀಲಿ!"

ಗಂಗೂಬಾಯಿ ಬಿಂದುಮಾಧವರತ್ತ ತಿರುಗಿದಳು. ಕೈ ಮೇಲೆತ್ತಿದರೂ ನಡೆಯುತ್ತದೆ ಎಂದರು ಅವರು. ಚಂದ್ರಮ್ಮ ತಾನೇ ಒಳಗೆ ಬಂದು, ಶಿವದಾರ ಬಿಡಿಸಿ, ಕರಡಿಗೆಯನ್ನು ಮಗನ ಎಡಗೈಯಲ್ಲಿಟ್ಟು, ಆ ಕೈಯನ್ನು ಅವನ ನೆತ್ತಿಯ ಮೇಲೆ ಏರಿಸಿದಳು. ಶಂಕರಪ್ಪ ಉಸಿರು ಬಿಗಿಹಿಡಿದ. ಖಟ್ ಎಂದಿತು. ಅಷ್ಟೇ.

ಮುಂದಿನ ವಾರ ಸದರ್ ಬಡಾವಣೆಯ ದವಾಖಾನೆಗೆ ಬರಲು ಶಂಕರಪ್ಪನಿಗೆ ಕರೆ ಬಂತು; ತಾಯಿಯೂ ಗಂಗೂಬಾಯಿಯೂ ಜೊತೆಗೆ ಹೋದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಎಡಗಡೆ, ಕರಡಿಗೆ ತೂಗುವ ಜಾಗದಲ್ಲೇ, ಅವರೆಕಾಳಿನಷ್ಟು ಮಂಜು. ಬೇಗ ಸಿಕ್ಕಿದೆ, ಇಂಜೆಕ್ಷನ್ನು, ಗುಳಿಗೆ ತಪ್ಪಿಸದೆ ತೆಗೆದುಕೊಂಡರೆ ಮತ್ತೆ ಡ್ಯೂಟಿಗೆ ಹೋಗಬಹುದು ಎಂದರು. ಚಂದ್ರಮ್ಮ ಗಂಗೂಬಾಯಿಯ ಎರಡೂ ಕೈ ಹಿಡಿದು ಗಳಗಳನೆ ಅತ್ತಳು.

"ಅಳಬ್ಯಾಡಕ್ಕಾ, ಚಲೋ ಆಗ್ತಾನ," ಎಂದಳು ಗಂಗೂಬಾಯಿ. ಅವರನ್ನು ಸಮಾಧಾನ ಮಾಡಿ ಟಾಂಗಾ ಹತ್ತಿಸಿ ಕಳಿಸಿದಳು. ಆಮೇಲೆ ದವಾಖಾನೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಳು.

ಗುರುಸಿದ್ದಪ್ಪನ ಕರಡಿಗೆ ಕೊರಳಿನಿಂದ ಅಂಗೈಗೆ ಬಂದದ್ದನ್ನು ಆಕೆ ಕಡೆಯದಾಗಿ ನೋಡಿದ್ದು ಅವನನ್ನು ಸಮಾಧಿಯ ಮಣ್ಣಿನಲ್ಲಿ ಕೂರಿಸಿದ ದಿನ. ಅಯ್ಯನವರು ಲಿಂಗವನ್ನು ತೆಗೆದು ಅವನ ಎಡ ಅಂಗೈಯಲ್ಲಿ ಇಟ್ಟಿದ್ದರು. ಬೆರಳು ಮಡಿಸಿದ್ದು ಆಕೆಯೇ.

"ಅವತ್ತ ಫೋಟೋ ತೆಗಿಯೂವಾಗ ಹಿಡಿದಿದ್ರ ಆಗ್ತಿತ್ತಲ್ಲೋ ನನ್ನಪ್ಪಾ," ಎಂದಳು ಗಂಗೂಬಾಯಿ, ಯಾರೂ ಇಲ್ಲದ ಮೆಟ್ಟಿಲಿಗೆ. "ಒಂದ ಚಣ ಕೈಯಾಗ ಹಿಡಿದಿದ್ರ ಆಗ್ತಿತ್ತು."