ಗಂಜಿ ಬೈಯದ ದಿನ

ಸಂಡೂರಿನ ಆಸ್ಪತ್ರೆಯೊಂದರಲ್ಲಿ ಗಂಡಸರ ವಾರ್ಡು ನೋಡಿಕೊಳ್ಳುವ ಎರ್ರೆಮ್ಮ ಸಿಸ್ಟರ್ ಬೆಳಿಗ್ಗೆ ಬಂದವರೇ ಯಾರನ್ನೂ ‘ಹ್ಯಾಂಗದೀರಿ’ ಎಂದು ಕೇಳುವುದಿಲ್ಲ, ಮೊದಲು ಹೊದಿಕೆ ಸರಿಸಿ ಪಾದ ಮುಟ್ಟುತ್ತಾರೆ, ಮುಖ ನೋಡುವುದು ಆಮೇಲೆ ಎಂಬುದನ್ನು ಅದಿರು ಲಾರಿಯ ಡ್ರೈವರ್ ಮುದುಕಪ್ಪ ವಾರ್ಡಿಗೆ ಸೇರಿದ ದಿನವೇ ಗಮನಿಸಿದ್ದ. ಕೆಮ್ಮು ಕೇಳಿದರೆ ಸಾಕು, ಅದು ಗಣಿ ಧೂಳಿನದೋ ಬೀಡಿಯದೋ ಎಂದು ಬಾಗಿಲಲ್ಲೇ ಹೇಳಿಬಿಡುತ್ತಾರೆ. ಅವರ ಚಪ್ಪಲಿ ಸಪ್ಪಳಕ್ಕೇ ಅರ್ಧ ವಾರ್ಡಿನ ಜ್ವರ ಇಳಿಯುತ್ತದೆ. ಬೈಯುವ ರೋಗಿಗಳೆಂದರೆ ಅವರಿಗೆ ಬಲು ಇಷ್ಟ. ‘ಬೈರಿ, ಬೈರಿ, ಬೈಯೋರು ಜಲ್ದಿ ಮನಿಗೆ ಹೋಗ್ತಾರ’ ಎನ್ನುತ್ತಲೇ ಸೂಜಿ ಚುಚ್ಚುತ್ತಾರೆ. ಹೊಟ್ಟೆಯ ಆಪರೇಷನ್ ಆದ ಮುದುಕಪ್ಪ ಅಲ್ಲಿನ ಗಂಜಿಯನ್ನು ಹೊತ್ತುಹೊತ್ತಿಗೂ ಬೈದವನು, ಮೂರನೆಯ ದಿನ ಎರಡು ಚಮಚ ಕುಡಿದು, ‘ಚಲೋ ಐತ್ರಿ ಸಿಸ್ಟರ್’ ಎಂದ. ಸಿಸ್ಟರ್ ನಗಲಿಲ್ಲ. ಪಾದ ಮುಟ್ಟಿದರು, ತಣ್ಣಗಿತ್ತು. ನಾಡಿ ಹಿಡಿದರು, ಓಡುತ್ತಿತ್ತು. ಡಾಕ್ಟರು ಬಂದು ‘ಬಿ.ಪಿ. ಸರಿ ಐತಲ್ಲ’ ಎಂದು ಹೊರಟರೆ, ‘ಬಿ.ಪಿ. ಸರಿ ಐತ್ರಿ ಸರ್, ಮನುಷ್ಯಾ ಸರಿ ಇಲ್ಲ. ಗಂಜಿ ಚಲೋ ಐತಿ ಅಂದಾರ’ ಎಂದು ಬಾಗಿಲಿಗೆ ಅಡ್ಡ ನಿಂತರು. ಸ್ಕ್ಯಾನ್ ಮಾಡಿ ನೋಡಿದಾಗ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಕೂಡಲೇ ಇನ್ನೊಂದು ಆಪರೇಷನ್ ಮಾಡಿ ಅವನನ್ನು ಉಳಿಸಿಕೊಂಡರು. ಈಗಲೂ ತೋರಿಸಿಕೊಳ್ಳಲು ಬಂದಾಗಲೆಲ್ಲ ಮುದುಕಪ್ಪ ಸಿಸ್ಟರ್ ಮುಂದೆ ನಿಂತು ಉಪಕಾರದ ಮಾತಾಡಲು ನೋಡುತ್ತಾನೆ. ಕೊನೆಗೆ ಗಂಜಿಯ ಪಾತ್ರೆಗೆ ಇಣುಕಿ, ವಾರ್ಡಿಗೆಲ್ಲ ಕೇಳುವಂತೆ, ‘ಗಂಜಿಯೇನ್ರಿ ಇದು, ಕಲಗಚ್ಚು!’ ಎಂದು ಕೂಗುತ್ತಾನೆ. ‘ಆರಾಮ ಅದೀರಿ, ಹೋಗ್ರಿ ಮನಿಗೆ’ ಎಂದು ಎರ್ರೆಮ್ಮ ಸಿಸ್ಟರ್ ತಿರುಗಿಯೂ ನೋಡದೆ ಮುಂದಿನ ಮಂಚದವನ ಪಾದ ಮುಟ್ಟುತ್ತಾರೆ.