ಕರಪತ್ರದಲ್ಲಿ ಬಿಟ್ಟುಹೋದ ‘ರು’

ನಾನು ಹದಿನೆಂಟು ವರ್ಷ ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಪತಿಗೆ ರೈಲ್ವೆಯಲ್ಲಿ ಕೋಲ್ಕತ್ತಕ್ಕೆ ವರ್ಗವಾದಾಗ ಕೆಲಸ ಬಿಟ್ಟೆನಾದರೂ ತಿದ್ದುವ ಅಭ್ಯಾಸವನ್ನು ಬಿಡಲಾಗಲಿಲ್ಲ. ಕನ್ನಡ ಸಂಘದ ಆಮಂತ್ರಣ ಪತ್ರಿಕೆ, ವಾರ್ಷಿಕ ವರದಿ, ಶ್ರದ್ಧಾಂಜಲಿಯ ಒಕ್ಕಣೆ, ಎಲ್ಲವೂ ಬೆಹಾಲಾದ ನಮ್ಮ ಫ್ಲ್ಯಾಟಿಗೆ ಬಂದು, ನನ್ನ ಕೆಂಪು ಶಾಯಿ ಕಂಡೇ ಅಚ್ಚಿಗೆ ಹೋಗುತ್ತಿದ್ದವು. ನನ್ನ ಕಣ್ಣು ತಪ್ಪಿಸಿ ಒಂದು ವ್ಯಾಕರಣದೋಷವೂ ದಾಟಲಾರದೆಂಬ ಹೆಮ್ಮೆ ನನಗಿತ್ತು.

ನಮ್ಮ ಮೇಲಿನ ಮಹಡಿಯಲ್ಲಿ ಕರಾವಳಿಯ ಅಕ್ಕ, ತಮ್ಮ ಇಬ್ಬರೇ ಇದ್ದರು. ಅಕ್ಕ ಬ್ಯಾಂಕಿನ ಅಧಿಕಾರಿ. ತಮ್ಮನೂ ಬ್ಯಾಂಕಿನಲ್ಲಿದ್ದವರೇ, ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಕಾಣಿಸಿಕೊಂಡ ಮೇಲೆ ಕೆಲಸ ಬಿಟ್ಟಿದ್ದರು. ಲೇಕ್ ಮಾರ್ಕೆಟ್ಟಿನ ಬಳಿ ಸಂಘಕ್ಕೊಂದು ಕೋಣೆ, ಕೋಣೆಯಲ್ಲಿ ನಾಲ್ಕು ಕಪಾಟು ಕನ್ನಡ ಪುಸ್ತಕ. ಭಾನುವಾರ ಬೆಳಗ್ಗೆ ಅಲ್ಲಿಗೆ ಹೋಗಿ ಓದುತ್ತ ಕೂರುವುದು ತಮ್ಮನ ವಾರದ ಏಕೈಕ ತಿರುಗಾಟವಾಗಿತ್ತು. ಒಂದು ಭಾನುವಾರ ಓದುತ್ತಿದ್ದವರು ಎದ್ದು ನಿಂತು, ಬೇರೆ ಯಾರಿಗೂ ಕೇಳಿಸದ ದನಿಯೊಂದಕ್ಕೆ ಗಟ್ಟಿಯಾಗಿ ಉತ್ತರ ಕೊಟ್ಟರು. ಯಾರನ್ನೂ ಮುಟ್ಟಲಿಲ್ಲ, ಬಯ್ಯಲಿಲ್ಲ. ಆದರೂ ಮರುದಿನ ಸಂಘದ ಕಾರ್ಯದರ್ಶಿಗಳು ಅಕ್ಕನಿಗೆ ಫೋನು ಮಾಡಿ, ಸ್ವಲ್ಪ ದಿನ ಕರೆತರಬೇಡಿ ಎಂದರು. ಆ ‘ಸ್ವಲ್ಪ ದಿನ’ಕ್ಕೆ ಒಂದೂವರೆ ವರ್ಷವಾಗಿತ್ತು. ಔಷಧಿ ಹಿಡಿದು, ತಮ್ಮ ಎಷ್ಟೋ ಸುಧಾರಿಸಿದ್ದರು. ಗ್ರಂಥಾಲಯಕ್ಕೆ ಮಾತ್ರ ಯಾರೂ ಮತ್ತೆ ಕರೆದಿರಲಿಲ್ಲ.

“ಆಸ್ಪತ್ರೆಯಲ್ಲಿ ಈ ಕಾಯಿಲೆಯ ಬಗ್ಗೆ ಬಂಗಾಳಿಯ ಕರಪತ್ರ ಉಂಟು, ಇಂಗ್ಲಿಷಿನದ್ದು ಉಂಟು. ಕನ್ನಡದಲ್ಲಿ ಒಂದು ಚೀಟಿಯೂ ಇಲ್ಲ ಟೀಚರೇ,” ಎಂದರು ಅಕ್ಕ. “ನೀವು ಬರೆದರೆ ನಮ್ಮವರು ಓದಿಯಾರು. ಓದಿದರೆ ಇವನನ್ನು ಲೈಬ್ರರಿಗೆ ಬಿಟ್ಟಾರು.”

ವಾರ್ಷಿಕ ಸ್ನೇಹಕೂಟದಲ್ಲಿ ಹಂಚಲು ಅನುಮತಿ ಕೇಳಿದೆ. ಕಾರ್ಯದರ್ಶಿಗಳು ಧಾರವಾಡದವರು; ಅವರಿಗೆ ನಾನು ‘ಅಕ್ಕೋರು’, ಅಂದರೆ ಟೀಚರು.

“ಅಕ್ಕೋರ, ಸಾಲ್ಟ್ ಲೇಕ್ ಕಡೆ ಸಾಫ್ಟ್‌ವೇರ್ ಕಂಪನಿಗೆ ಹೊಸಾ ಮಂದಿ ಬರಾಕ ಹತ್ಯಾರ. ಮೊದಲ್ನೇ ದಿನಾನ ಇಂಥಾದ್ದು ಕೈಯಾಗ ಕೊಟ್ರ, ಮುಂದ ಅವ್ರು ಬರ್ತಾರೇನ್ರಿ?”

“ಬಿಸಿಬೇಳೆಭಾತ್ ಇದ್ದರೆ ಬರುತ್ತಾರೆ,” ಎಂದೆ.

ನಕ್ಕರು. “ಆತು, ಬರೀರಿ. ಒಂದ ಹಾಳಿ ಮ್ಯಾಲೆ ಹೋಗಬಾರ್ದ ಮತ್ತ.”

ನಾನು ಕ್ರಮವಾಗಿ ಕೆಲಸ ಮಾಡಿದೆ. ಜನ ಈ ಕಾಯಿಲೆಯ ಬಗ್ಗೆ ಆಡುವ ಮಾತುಗಳನ್ನು ಮೊದಲು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಆಸ್ಪತ್ರೆಯ ವೈದ್ಯರನ್ನು ಕೇಳಿ ತಿಳಿದದ್ದನ್ನು ಬರೆದುಕೊಂಡೆ: ಇದು ಗ್ರಹಚಾರವಲ್ಲ, ತಾಯಿ ಬೆಳೆಸಿದ ರೀತಿಯ ದೋಷವಲ್ಲ, ಚಿಕಿತ್ಸೆ ಇದೆ. ಮೇಲೆ ದಪ್ಪಕ್ಷರದಲ್ಲಿ ‘ಹೆದರಬೇಡಿ’ ಎಂಬ ಶೀರ್ಷಿಕೆ. ನಾಲ್ಕು ಸಲ ತಿದ್ದಿ, ಶುದ್ಧಪ್ರತಿಯನ್ನು ಅಕ್ಕನ ಕೈಗೆ ಕೊಟ್ಟೆ.

ಎರಡು ದಿನದ ಮೇಲೆ ಅಕ್ಕ ಬಂದು, “ತಮ್ಮನಿಗೆ ನಿಮ್ಮ ಹತ್ತಿರ ಮಾತಾಡ್ಬೇಕಂತೆ,” ಎಂದರು. ಕರಪತ್ರವನ್ನು ಅವರಿಗೆ ತೋರಿಸಬೇಕೆಂದು ನನಗೆ ಹೊಳೆದಿರಲಿಲ್ಲ, ಅಕ್ಕನೇ ತೋರಿಸಿದ್ದರು. ನಾನು ಮೇಲೆ ಹೋದಾಗ ಹಾಳೆ ಊಟದ ಮೇಜಿನ ಮೇಲಿತ್ತು. ಹತ್ತು ಹನ್ನೆರಡು ಪದಗಳ ಕೆಳಗೆ ಪೆನ್ಸಿಲಿನ ಗೆರೆ.

“ಟೀಚರೇ, ಒಂದು ಡೌಟು ಉಂಟು,” ಎಂದರು ತಮ್ಮ. “ವೈದ್ಯರು ‘ಹೇಳುತ್ತಾರೆ’. ಮನೆಯವರು ‘ನೋಡಿಕೊಳ್ಳುತ್ತಾರೆ’. ರೋಗಿ ಮಾತ್ರ ‘ಹೆದರುತ್ತಾನೆ’, ‘ಮರೆಯುತ್ತಾನೆ’. ಯಾಕೆ?”

ನಾನು ತರಗತಿಯ ದನಿಯಲ್ಲೇ ಹೇಳಿದೆ: “ರೋಗಿ ಎಂಬುದು ಏಕವಚನ. ಕರ್ತೃಪದ ಏಕವಚನವಾದರೆ ಕ್ರಿಯಾಪದವೂ ಏಕವಚನವೇ ಆಗಬೇಕಲ್ಲವೇ?”

“ಕ್ರಿಯಾಪದ ಸರಿ ಉಂಟು. ಆದರೆ ಡಾಕ್ಟರೂ ಒಬ್ಬರೇ ಅಲ್ವಾ? ಅವರಿಗೆ ‘ರು’ ಹಾಕಿದ್ದು ಯಾರು?”

“ನಾನೇ.”

“ಹಾಗಾದ್ರೆ ನನ್ನ ‘ರು’ ಎಲ್ಲಿ ಹೋಯ್ತು?”

“ಟೀಚರಿಗೇ ಪಾಠ ಹೇಳ್ತೀಯಲ್ಲ ಮಾರಾಯ!” ಎಂದರು ಅಕ್ಕ.

ಗೌರವಾರ್ಥಕ ಬಹುವಚನದ ಪಾಠವನ್ನು ನಾನು ವರ್ಷಕ್ಕೊಮ್ಮೆ ಮಾಡಿದ್ದೆ. ತಂದೆಯವರು, ಗುರುಗಳು, ವೈದ್ಯರು ಎಂದು ಉದಾಹರಣೆ ಕೊಟ್ಟಿದ್ದೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವರಾದ, ಬ್ಯಾಂಕಿನ ಮೇಜಿನಾಚೆ ಕುಳಿತಿದ್ದಾಗ ನಾನೇ ‘ಸರ್’ ಎಂದು ಕರೆಯಬಹುದಾಗಿದ್ದ ವ್ಯಕ್ತಿಯನ್ನು ಒಂದು ಹಾಳೆಯ ಉದ್ದಕ್ಕೂ ‘ಅವನು’ ಮಾಡಿದ್ದೆ. ನಾಲ್ಕು ಸಲ ತಿದ್ದಿದಾಗಲೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಮಾತು ಬದಲಿಸಲು, ನನಗೆಂದು ಚಹಾ ತಂದಿಟ್ಟ ಅಕ್ಕನ ಕಡೆ ತಿರುಗಿ, “ಇವರು ಚಹಾ ಕುಡಿಯಬಹುದಾ? ಔಷಧಿಗೆ ಅಡ್ಡಿಯಿಲ್ಲವಷ್ಟೆ?” ಎಂದು ಕೇಳಿದೆ.

“ಈಗ ‘ರು’ ಬಂತು,” ಎಂದರು ತಮ್ಮ. “ಆದರೆ ನಾನು ಇಲ್ಲೇ ಕೂತಿದ್ದೇನಲ್ಲ ಟೀಚರೇ.”

ನಾನು ಅವರ ಕಡೆಗೆ ತಿರುಗಿದೆ. “ಚಹಾ ಕುಡಿಯುತ್ತೀರಾ?”

“ಕುಡಿದಾಯ್ತು. ನೀವು ಕುಡಿಯಿರಿ.”

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೂ ನಗು ಬಂತು. ಆಮೇಲೆ ಒಂದು ಗಂಟೆ ಮೂವರೂ ಹಾಳೆಯ ಮೇಲೆ ಬಗ್ಗಿ ಕುಳಿತೆವು. ‘ರೋಗಿ’ ಎಂದಿದ್ದಲ್ಲೆಲ್ಲ ‘ಸ್ಕಿಜೋಫ್ರೇನಿಯಾ ಇರುವವರು’ ಎಂದಾಯಿತು. ಶೀರ್ಷಿಕೆಯನ್ನೂ ಅವರು ಒಪ್ಪಲಿಲ್ಲ.

“‘ಹೆದರಬೇಡಿ’ ಅಂತ ಬೋರ್ಡು ಕಂಡರೆ ನೀವು ಎಂತ ಮಾಡ್ತೀರಿ? ನಾಯಿ ಎಲ್ಲುಂಟು ಅಂತ ಸುತ್ತ ನೋಡ್ತೀರಿ.”

“ಹಾಗಾದರೆ ಏನೆಂದು ಬರೆಯಲಿ?”

ಅವರು ಪೆನ್ಸಿಲಿನಿಂದ ಹಳೆಯ ಶೀರ್ಷಿಕೆಯನ್ನು ಹೊಡೆದುಹಾಕಿದರು. “ಯಾರು ಬಂದರೂ ನನ್ನ ವಿಷಯ ಅಕ್ಕನ ಹತ್ತಿರ ಕೇಳಿ ಹೋಗ್ತಾರೆ. ನನ್ನನ್ನು ಮಾತಾಡಿಸುವುದಿಲ್ಲ.”

‘ಅವರನ್ನೇ ಮಾತಾಡಿಸಿ’ ಎಂಬ ಶೀರ್ಷಿಕೆ ಹಾಗೆ ಬಂತು. ಬರೆದದ್ದು ನಾನು, ಅಷ್ಟೇ.

ಸಾಲ್ಟ್ ಲೇಕಿನ ಹೊಸ ಸದಸ್ಯೆಯೊಬ್ಬರು ಮನೆಯ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದರು. ಬಂಗಾಳಿ ಮುದ್ರಣಾಲಯದ ಯಂತ್ರದಲ್ಲಿ ಅದನ್ನು ತೆರೆದಾಗ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದು, ಕಾಯಿಲೆಯ ಹೆಸರನ್ನೇ ಓದಲಾಗದಂತಾಯಿತು. ಕೊನೆಗೆ ಆ ಸದಸ್ಯೆಯ ಮನೆಯಲ್ಲೇ ಒಂದೇ ಪ್ರತಿ ತೆಗೆದು, ಉಳಿದದ್ದನ್ನು ಜೆರಾಕ್ಸ್ ಮಾಡಿಸಿದೆವು.

ಸ್ನೇಹಕೂಟದಲ್ಲಿ ಕೆಲವರು ಅದನ್ನು ಮಡಚಿ ಬೀಸಣಿಗೆ ಮಾಡಿಕೊಂಡರು. ಕೆಲವರು ಓದಿ ಕೈಚೀಲಕ್ಕೆ ಹಾಕಿಕೊಂಡರು. ಹಿರಿಯ ಸದಸ್ಯರೊಬ್ಬರು ಕಾರಣ ಹೇಳದೆ ಎರಡು ಪ್ರತಿ ಕೇಳಿ ಪಡೆದರು. ಅಕ್ಕನೊಂದಿಗೆ ಬಂದಿದ್ದ ತಮ್ಮ ಪಂಕ್ತಿಯ ತುದಿಯಲ್ಲಿ ಕುಳಿತು ಊಟ ಮಾಡಿದರು. ಪಕ್ಕದ ಜಾಗ ಕೊನೆಯವರೆಗೂ ಖಾಲಿಯಿತ್ತು.

ಊಟವಾದ ಮೇಲೆ ಅಕ್ಕ ಕಾರ್ಯದರ್ಶಿಗಳ ಬಳಿ ಹೋಗಿ ಗ್ರಂಥಾಲಯದ ವಿಷಯ ಎತ್ತಿದರು. ನಾನೂ ಜೊತೆಗಿದ್ದೆ.

“ನನ್ನದೇನೂ ಇಲ್ರಿ ಮೇಡಂ, ಮಂದಿ ಏನಂತಾರ ಅಂತ ಅಷ್ಟ. ನೀವೂ ಜೋಡಿ ಬಂದು ಕುಂತ್ರ…”

“ಅಕ್ಕ ಬರುವುದಿಲ್ಲ,” ಎಂದು ಹಿಂದಿನಿಂದ ದನಿ ಬಂತು. ಕೈ ತೊಳೆದುಕೊಂಡು ಬಂದ ತಮ್ಮ ಅಲ್ಲಿ ನಿಂತಿದ್ದರು. “ಅವಳಿಗೆ ವಾರಕ್ಕೆ ಅದೊಂದೇ ರಜೆ. ನನಗೆ ಸರಿ ಇಲ್ಲದ ದಿನ ನಾನೇ ಬರುವುದಿಲ್ಲ. ಸರಿ ಇದ್ದ ದಿನ ಒಬ್ಬನೇ ಬರ್ತೇನೆ.”

ಕಾರ್ಯದರ್ಶಿಗಳು ಅಕ್ಕನ ಮುಖ ನೋಡಿದರು. ಅಕ್ಕ ತಮ್ಮನ ಕಡೆ ಕೈ ತೋರಿಸಿದರು. ಕಾರ್ಯದರ್ಶಿಗಳು ಆಗ ತಮ್ಮನನ್ನೇ ಕೇಳಿದರು: “ಸರಿ ಇಲ್ಲಾ ಅಂತ ನಿಮಗ ಹ್ಯಾಂಗ ಗೊತ್ತಾಗ್ತದ್ರಿ?”

“ಎರಡು ದಿನ ಮೊದಲೇ ನಿದ್ದೆ ಕೆಡ್ತದೆ. ನಿಮಗೆ ಜ್ವರ ಬರುವ ಮೊದಲು ಮೈಕೈ ನೋಯುವುದಿಲ್ವಾ? ಹಾಗೆ.”

“ಹಂಗೇನ್ರಿ,” ಎಂದು ಕಾರ್ಯದರ್ಶಿಗಳು ಗದ್ದ ತಿಕ್ಕಿಕೊಂಡರು. “ಆತು. ಹತ್ತಕ್ಕ ಬಾಗ್ಲಾ ತೆಗೀತೀವಿ. ತಡಾ ಮಾಡಬ್ಯಾಡ್ರಿ.”

ಮುಂದಿನ ಭಾನುವಾರ ಕುತೂಹಲ ತಡೆಯಲಾರದೆ ನಾನೂ ಹೋದೆ. ತಮ್ಮ ಒಂಬತ್ತೂ ಮುಕ್ಕಾಲಿಗೇ ಬಂದು, ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಕಾರ್ಯದರ್ಶಿಗಳು ಬೀಗದ ಕೈ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಾಗ ಹತ್ತೂ ಇಪ್ಪತ್ತಾಗಿತ್ತು.

“ಬಸ್ಸ ಸಿಗಲಿಲ್ರಿ,” ಎಂದರು ತಮ್ಮನಿಗೆ.

ಅವರು ಗಡಿಯಾರ ನೋಡಿಕೊಂಡರು. ಬೀಗ ತೆಗೆಯಲು ಜಾಗ ಬಿಟ್ಟು ಪಕ್ಕಕ್ಕೆ ಸರಿದರು.